ಸ್ಪೋಕ್ ಚಕ್ರ ನಡುಗೋದು ಹಣೆಬರಹ ಅಲ್ಲ

“80 ದಾಟಿದ್ರೆ ಹ್ಯಾಂಡಲ್ ನಡುಗುತ್ತೆ ಮಗಾ, ಸ್ಪೋಕ್ ವೀಲ್ ಅಲ್ವಾ, ಅದು ಹಂಗೇ.” ನಮ್ಮ ಕ್ಲಾಸಲ್ಲಿ ಸ್ಪೋಕ್ ಬೈಕ್ ಇರೋ ಯಾರನ್ನ ಕೇಳಿದ್ರೂ ಇದೇ ಉತ್ತರ. ನಾನು ಒಪ್ಪಲ್ಲ. ಅಲಾಯ್‌ಗೆ ದುಡ್ಡು ಸುರಿಯೋ ಮುಂಚೆ ಇದನ್ನೊಮ್ಮೆ ಓದಿ.

1/ ಮೊದಲು ಲೆಕ್ಕ.
ಮುಂದಿನ ಚಕ್ರ 19 ಇಂಚಿನದು ಅಂತಿಟ್ಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹತ್ತಿರ ಹತ್ತಿರ 11 ಸುತ್ತು ಹೊಡೆಯುತ್ತೆ. ರಿಮ್‌ನ ಒಂದು ಕಡೆ ಬರೀ 20 ಗ್ರಾಂ ಹೆಚ್ಚಿದ್ರೆ ಸಾಕು, ಸುಮಾರು 2 ಕೆ.ಜಿ. ತೂಕದಷ್ಟು ಬಲ ಚಕ್ರವನ್ನ ಆ ಕಡೆಗೆ ಎಳೀತಾ ಇರುತ್ತೆ. ವೇಗ ಅರ್ಧಕ್ಕೆ ಇಳಿದ್ರೆ ಬಲ ಕಾಲು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಕಾಲೇಜಿಗೆ ಬರುವಾಗ ಏನೂ ಗೊತ್ತಾಗಲ್ಲ, ಚಿಕ್ಕಮಗಳೂರು ಟ್ರಿಪ್ ಹೊರಟಾಗ ಕೈ ಜೋಮು ಹಿಡಿಯುತ್ತೆ.

2/ ತಪ್ಪು ಚಕ್ರದ್ದೇನಾ?
ಖಾಲಿ ರಸ್ತೆಯಲ್ಲಿ ಒಂದೇ ವೇಗವನ್ನ ಎರಡು ಬೇರೆ ಗೇರ್‌ನಲ್ಲಿ ಓಡಿಸಿ ನೋಡಿ. ಗೇರ್ ಬದಲಾದಾಗ ನಡುಕವೂ ಬದಲಾದ್ರೆ ಎಂಜಿನ್ ಕಡೆ ನೋಡಿ. ಬದಲಾಗದಿದ್ರೆ ಅನುಮಾನ ಚಕ್ರದ ಮೇಲೆ. ಬೇರಿಂಗ್, ಕೋನ್‌ಸೆಟ್, ಟೈರ್ ಕೂಡ ಚೆಕ್ ಮಾಡಿಸಿ. ಅವು ಹಾಳಾಗಿದ್ರೆ ಬ್ಯಾಲೆನ್ಸ್ ಮಾಡಿಸಿ ಪ್ರಯೋಜನ ಇಲ್ಲ.

3/ ಬೆಂಡ್ ತೆಗೆಸೋದು ಬೇರೆ, ಬ್ಯಾಲೆನ್ಸ್ ಬೇರೆ.
ತುಂಬಾ ಜನ ಎರಡೂ ಒಂದೇ ಅನ್ಕೊಂಡಿದ್ದಾರೆ. ಬೆಂಡ್ ತೆಗೆಯೋದು ಅಂದ್ರೆ ಸ್ಪೋಕ್ ಬಿಗಿ-ಸಡಿಲ ಮಾಡಿ ರಿಮ್ ನೇರ ತಿರುಗೋ ಹಾಗೆ ಮಾಡೋದು. ಬ್ಯಾಲೆನ್ಸ್ ಅಂದ್ರೆ ಸುತ್ತಲೂ ತೂಕ ಸಮ ಮಾಡೋದು. ಬೆಂಡ್ ಮೊದಲು, ಬ್ಯಾಲೆನ್ಸ್ ಆಮೇಲೆ. ಸ್ಪ್ಯಾನರ್‌ನಿಂದ ಒಂದೊಂದೇ ಸ್ಪೋಕ್ ಮೆಲ್ಲಗೆ ತಟ್ಟಿ. ಟಣ್ ಅಂದ್ರೆ ಸರಿ, ಮಂಕು ಸದ್ದು ಬಂದ್ರೆ ಸಡಿಲ. ಆದ್ರೆ ನೀವೇ ಸಿಕ್ಕಾಪಟ್ಟೆ ತಿರುಗಿಸಬೇಡಿ. ರಿಮ್ ಸೊಟ್ಟಗಾಗುತ್ತೆ, ಸ್ಪೋಕ್ ತುದಿ ಟ್ಯೂಬಿಗೆ ಚುಚ್ಚಬಹುದು. ಇದು ಹಳೇ ಕೈಗಳ ಕೆಲಸ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಆ ಜಾವಾ, ಯೆಜ್ಡಿಗಳ ಸ್ಪೋಕ್ ಚಕ್ರ ಕಟ್ಟಿದ ಮೆಕ್ಯಾನಿಕ್‌ಗಳನ್ನ ಹುಡುಕಿ, ಅವರು ಕೇಳಿದ ಕೂಲಿ ಚೌಕಾಸಿ ಮಾಡದೆ ಕೊಡಿ.

4/ ಬ್ಯಾಲೆನ್ಸ್ ಹೇಗೆ?
ಟೈರ್ ಅಂಗಡಿಯಲ್ಲಿ ಕೇಳಿದ್ರೆ “ಬೈಕಿಗೆಲ್ಲ ಬೇಡ ಬಿಡಿ” ಅಂತಾರೆ. ಮಷಿನ್ ಇಲ್ಲದೆಯೂ ಆಗುತ್ತೆ. ಚಕ್ರ ಬಿಚ್ಚಿ, ಆಕ್ಸಲ್‌ನ ಎರಡು ತುದಿ ಸಮಮಟ್ಟದ ಸ್ಟ್ಯಾಂಡ್ ಮೇಲೆ ಇಡಿ. ಡಿಸ್ಕ್ ಇದ್ರೆ, ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಮುಟ್ಟಬೇಡಿ. ಮೆಲ್ಲಗೆ ತಿರುಗಿಸಿ ಬಿಟ್ರೆ ಭಾರದ ಭಾಗ ಕೆಳಗೆ ಬಂದು ನಿಲ್ಲುತ್ತೆ. ಅದರ ನೇರ ಎದುರಿಗೆ, ಅಂದ್ರೆ ಮೇಲ್ಗಡೆ, ಸ್ವಲ್ಪ ತೂಕ ಟೇಪ್‌ನಿಂದ ಅಂಟಿಸಿ ಮತ್ತೆ ತಿರುಗಿಸಿ. ಎಲ್ಲಿ ಬಿಟ್ರೂ ಅಲ್ಲೇ ನಿಂತ್ರೆ ಬ್ಯಾಲೆನ್ಸ್ ಆಯ್ತು. ಆಮೇಲೆ ನಿಪಲ್ ಹತ್ತಿರ ಕೂರೋ ಸ್ಪೋಕ್ ವೇಟ್ ಭದ್ರವಾಗಿ ಹಾಕಿ. ಕೆಲವರು ಸ್ಪೋಕಿಗೆ ಸೋಲ್ಡರ್ ತಂತಿಯನ್ನೇ ಸುತ್ತುತ್ತಾರೆ. ಬಿಚ್ಚಿ ಜೋಡಿಸೋದು ಗೊತ್ತಿಲ್ಲದಿದ್ರೆ ಮೆಕ್ಯಾನಿಕ್ ಪಕ್ಕ ನಿಂತು ಮಾಡಿಸಿ. ಟೈರ್ ಬದಲಾಯಿಸಿದಾಗಲೆಲ್ಲ ಮತ್ತೆ ಚೆಕ್ ಮಾಡಬೇಕು.

5/ “ನಮ್ ರೋಡಿಗೆ ಇದೆಲ್ಲ ಯಾಕೆ ಗುರೂ?”
ಅರ್ಧ ನಿಜ. ಊರೊಳಗೆ 40ರಲ್ಲೇ ಓಡಿಸೋರಿಗೆ ಬ್ಯಾಲೆನ್ಸ್ ಅರ್ಜೆಂಟ್ ಅಲ್ಲ. ಆದ್ರೆ ಸ್ಪೋಕ್ ಚೆಕ್ ಎಲ್ಲರಿಗೂ ಬೇಕು, ಗುಂಡಿ ಜಾಸ್ತಿ ಇರೋ ಕಡೆ ಇನ್ನೂ ಬೇಕು. ಸಡಿಲ ಸ್ಪೋಕ್ ತನ್ನ ಭಾರವನ್ನ ಪಕ್ಕದವುಗಳ ಮೇಲೆ ಹಾಕುತ್ತೆ, ಕೊನೆಗೆ ಅವೂ ಮುರಿಯುತ್ತವೆ. ಹಿಂದೆ ಕೂತ ಗೆಳತಿಯ ಜೀವವೂ ಅದೇ ಚಕ್ರದ ಮೇಲಿದೆ.

ಟ್ಯೂಬ್‌ಲೆಸ್ ಬೇಕು ಅಂತ ಅಲಾಯ್ ಹಾಕಿಸಿದ್ರೆ ಸರಿ, ಪಂಕ್ಚರ್ ಆದಾಗ ಅದರ ಉಪಯೋಗ ನಿಜ. ನಡುಕ ಹೋಗಲಿ ಅಂತ ಹಾಕಿಸಿದ್ರೆ ಅದು ದಂಡದ ಖರ್ಚು. ಅಲಾಯ್‌ಗೂ ಬ್ಯಾಲೆನ್ಸ್ ಬೇಕೇ ಬೇಕು. ಬಿಕಾಂ ಓದ್ತಿರೋ ನಾವು 20 ಗ್ರಾಂ ಸಮಸ್ಯೆಗೆ ಅಪ್ಪನ ಸಾವಿರಾರು ರೂಪಾಯಿ ಸುರಿಯೋದು ಯಾವ ಅಕೌಂಟಿಂಗ್ ಹೇಳಿ?

ಮುಂದಿನ ಟ್ರಿಪ್‌ಗೆ ಮುಂಚೆ ಸ್ಪೋಕ್ ತಟ್ಟಿ ನೋಡಿ. ಎಷ್ಟು ಸಡಿಲ ಸಿಕ್ತು ಅಂತ ಕಾಮೆಂಟ್ ಹಾಕಿ.

#ಸ್ಪೋಕ್‌ಚಕ್ರ #ಬೈಕ್‌ಬಜೆಟ್ #ಕನ್ನಡರೈಡರ್ಸ್