‘ಇನ್ನೂ ಅದೇ ಗಾಡಿನಾ, ಸಾರ್?’

ಹೌದು, ಅದೇ ಗಾಡಿ. 2014ರ ಮಾಡೆಲ್, ಜರ್ಮನ್ ಡೀಸೆಲ್ ಸೆಡಾನ್, ಈವರೆಗೆ ಓಡಿದ್ದು 1,18,000 ಕಿ.ಮೀ. ಪುಣೆಯಲ್ಲಿ ಕನ್ನಡಿಗರ ಕಾರ್ಯಕ್ರಮ ಯಾವುದೇ ಇರಲಿ, ಪಾರ್ಕಿಂಗ್‌ನಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವ ಧಾಟಿಯಲ್ಲಿ ಸ್ವಲ್ಪ ಕನಿಕರ ಇರುತ್ತದೆ. ‘ಕೆಲಸ ಗಿಲಸ ಎಲ್ಲ ಸರಿಯಾಗಿದೆ ತಾನೇ?’ ಎಂಬ ಎರಡನೇ ಪ್ರಶ್ನೆ ಅದರ ಬೆನ್ನಿಗೇ ಕಾಯುತ್ತಿರುತ್ತದೆ. ಒಬ್ಬೊಬ್ಬರಿಗೂ ನಿಂತು ಉತ್ತರ ಹೇಳುವ ಬದಲು ಒಮ್ಮೆ ಬರೆದುಬಿಡುವುದು ಮೇಲು.

ನನ್ನ ವಾದ ಇಷ್ಟು. ಹಳೆಯ ಐಷಾರಾಮಿ ಕಾರನ್ನು ಇಟ್ಟುಕೊಳ್ಳುವುದು ಜಿಪುಣತನವೂ ಅಲ್ಲ, ಭಾವುಕತೆಯೂ ಅಲ್ಲ. ನಮ್ಮಂಥ ನಲವತ್ತು ದಾಟಿದ ಐಟಿ ಸಂಬಳದಾರರು ಅದನ್ನು ಮಾರಿ ಏಳು ವರ್ಷದ ಸಾಲದ ಮೇಲೆ ಹೊಸದನ್ನು ತರುವುದೇ ದೊಡ್ಡ ಜೂಜು. ಆ ಜೂಜಿನಲ್ಲಿ ಪಣಕ್ಕಿಡುವುದು ಬರೀ ದುಡ್ಡನ್ನಲ್ಲ.

ಮೊದಲು ದುಡ್ಡಿನ ಮಾತನ್ನೇ ಮುಗಿಸೋಣ. ಇದರಲ್ಲಿ ಜನ ಮಾಡುವ ಹೋಲಿಕೆಯೇ ತಪ್ಪು. ಸರ್ವಿಸ್ ಸೆಂಟರಿನಲ್ಲಿ ಕುಳಿತ ಅಡ್ವೈಸರ್ ಹೇಳುತ್ತಾನೆ: ‘ಏಳು ಲಕ್ಷದ ಗಾಡಿಗೆ ಮೂರು ಲಕ್ಷದ ರಿಪೇರಿ ಯಾಕೆ ಸಾರ್? ಎಕ್ಸ್‌ಚೇಂಜ್ ಬೋನಸ್ ಇದೆ, ನೋಡಿ.’ ಕೇಳಲು ಚೆನ್ನಾಗಿದೆ. ಆದರೆ ರಿಪೇರಿಯ ಖರ್ಚನ್ನು ಹಳೆಯ ಕಾರಿನ ಮಾರಾಟದ ಬೆಲೆಯ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ನಾನು ಕಾರನ್ನು ಮಾರಲು ಹೊರಟಿಲ್ಲ, ಓಡಿಸಲು ಹೊರಟಿದ್ದೇನೆ. ಹಾಗಾಗಿ ಆ ಖರ್ಚನ್ನು ಹೋಲಿಸಬೇಕಾದದ್ದು ಹೊಸ ಕಾರು ನನ್ನ ಮನೆಬಾಗಿಲಲ್ಲಿ ಸುಮ್ಮನೆ ನಿಂತು ಕಳೆದುಕೊಳ್ಳುವ ಬೆಲೆಗೆ.

ಆ ಲೆಕ್ಕ ಇಲ್ಲಿದೆ. ಶೋರೂಮಿನಲ್ಲಿ 60 ಲಕ್ಷ ಬೆಲೆಯ ಒಂದು ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಶೇ. 13. ಅಂದರೆ 7.8 ಲಕ್ಷ, ಕೀಲಿ ಕೈಗೆ ಬರುವ ಮೊದಲೇ ಹೋಯಿತು. ನಮ್ಮ ಕರ್ನಾಟಕದಲ್ಲಾದರೆ ಶೇ. 18, ಅದರ ಮೇಲೆ ಸೆಸ್ ಬೇರೆ. ಇನ್ನು ಸವಕಳಿ. ವಿಮಾ ಕಂಪನಿಗಳು ಬಳಸುವ ಪಟ್ಟಿಯ ಪ್ರಕಾರ ವಾಹನ ಆರು ತಿಂಗಳು ದಾಟಿದರೆ ಶೇ. 15, ವರ್ಷ ದಾಟಿದರೆ ಶೇ. 20, ನಾಲ್ಕು ವರ್ಷ ದಾಟಿ ಐದರ ಒಳಗಿದ್ದರೆ ಶೇ. 50 ಕಡಿತ. ಐದು ವರ್ಷದಲ್ಲಿ 30 ಲಕ್ಷ ಆವಿ. ತೆರಿಗೆ ಸೇರಿಸಿ 60 ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 63 ಸಾವಿರ.

ಸಾಲ 50 ಲಕ್ಷ, ಬಡ್ಡಿ ಶೇ. 9, ಅವಧಿ ಏಳು ವರ್ಷ ಎಂದುಕೊಂಡರೆ ಇಎಂಐ 80 ಸಾವಿರದ ಮೇಲೆ. ಮೊದಲ ಐದು ವರ್ಷದಲ್ಲಿ ಬಡ್ಡಿಯಾಗಿ ಹೋಗುವುದೇ ಸುಮಾರು 15.9 ಲಕ್ಷ, ತಿಂಗಳಿಗೆ 26 ಸಾವಿರ. ಸವಕಳಿ, ತೆರಿಗೆ, ಬಡ್ಡಿ ಮೂರೇ ಕೂಡಿ 89 ಸಾವಿರ. ವಿಮೆ, ಸರ್ವಿಸ್, ಪೆಟ್ರೋಲ್ ಇದರಲ್ಲಿ ಸೇರಿಲ್ಲ.

ನನ್ನ ಹಳೆಯ ಗಾಡಿಯ ಲೆಕ್ಕ ಎಕ್ಸೆಲ್‌ನಲ್ಲಿದೆ, ವೃತ್ತಿಯ ಚಾಳಿ. 2023ರಿಂದ 2025ರವರೆಗೆ ಮೂರು ವರ್ಷಕ್ಕೆ ಸರ್ವಿಸ್ ಮತ್ತು ರಿಪೇರಿ 3,92,000, ನಾಲ್ಕು ಟೈರ್ 78,000, ವಿಮೆ 96,000. ಒಟ್ಟು 5,66,000. ಈ ಮೂರು ವರ್ಷದಲ್ಲಿ ಅದರ ಬೆಲೆ 3 ಲಕ್ಷ ಇಳಿದಿದೆ ಎಂದು ಅದನ್ನೂ ಸೇರಿಸಿ. ತಿಂಗಳಿಗೆ 24 ಸಾವಿರ. 24 ಎಲ್ಲಿ, 89 ಎಲ್ಲಿ? ಹಳೆಯ ಕಾರು ಬಿಳಿ ಆನೆ ಎನ್ನುವವರು ಮರಿ ಆನೆ ಎಷ್ಟು ತಿನ್ನುತ್ತದೆ ಎಂದು ನೋಡಿಯೇ ಇಲ್ಲ.

‘ಆದರೆ ಈಗ ಜಿಎಸ್‌ಟಿ ಇಳಿದಿದೆಯಲ್ಲ, ಈಗ ತಗೋಬೇಕು’ ಎಂಬುದು ಹೊಸ ವಾದ. ನಿಜ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ಹೋಗಿ ಶೇ. 40 ಒಂದೇ ದರ ಬಂತು. ಎಸ್‌ಯುವಿಗಳಿಗೆ ಮೊದಲು ಎಲ್ಲ ಸೇರಿ ಶೇ. 50 ಇತ್ತು. 64 ಲಕ್ಷದ ಗಾಡಿ ಸುಮಾರು 60ಕ್ಕೆ ಬಂತು. ನಾಲ್ಕು ಲಕ್ಷ ಉಳಿಸಲು ಅರವತ್ತು ಲಕ್ಷ ಖರ್ಚು ಮಾಡಬೇಕೆಂದು ಹೇಳುವವರಿಗೆ ನಾನು ಏನು ಹೇಳಲಿ? ಹೊಸ ಕಾರಿನ ಬೆಲೆ ಇಳಿದರೆ ಹಳೆಯದರ ಮಾರಾಟದ ಬೆಲೆಯೂ ಇಳಿಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ.

ಈಗ ರಿಪೇರಿಯ ವಿಷಯ. ಎಂಟೆಕ್‌ನಲ್ಲಿ ರಿಲಯಬಿಲಿಟಿ ಪಾಠದಲ್ಲಿ ಬಾತ್‌ಟಬ್ ಕರ್ವ್ ಎಂಬುದೊಂದನ್ನು ಕಲಿಸುತ್ತಾರೆ. ಯಂತ್ರ ಹೊಸತರಲ್ಲಿ ಹೆಚ್ಚು ಕೆಡುತ್ತದೆ, ಮಧ್ಯೆ ಬಹಳ ಕಾಲ ತೆಪ್ಪಗಿರುತ್ತದೆ, ಕೊನೆಯಲ್ಲಿ ಮತ್ತೆ ಕೆಡತೊಡಗುತ್ತದೆ. ಹನ್ನೆರಡು ವರ್ಷದ ಕಾರು ಆ ಕೊನೆಗೆ ಬಂದಿದೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಕಾರು ಒಂದೇ ವಸ್ತುವಲ್ಲ, ಸಾವಿರಾರು ಬಿಡಿಭಾಗಗಳು. ಒಂದೊಂದರ ವಯಸ್ಸೂ ಬೇರೆ. ರಬ್ಬರ್ ಬುಷ್, ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಕೊಳವೆ, ಎಂಜಿನ್ ಮೌಂಟ್, ಸೆನ್ಸರ್, ಎಸಿ ಕಂಪ್ರೆಸರ್ ಇವು ಹತ್ತು ವರ್ಷದ ಹೊತ್ತಿಗೆ ಸಾಲಾಗಿ ಕೈಕೊಡುತ್ತವೆ. ಎಂಜಿನ್, ಬಾಡಿ, ಬಾಗಿಲಿನ ಗಟ್ಟಿತನ, ಸೀಟು ಇವಕ್ಕೆ ಏನೂ ಆಗಿರುವುದಿಲ್ಲ. ಕೆಟ್ಟದ್ದನ್ನು ಬದಲಿಸಿದರೆ ಆ ಭಾಗದ ವಯಸ್ಸು ಮತ್ತೆ ಸೊನ್ನೆ. ಸಾಫ್ಟ್‌ವೇರಿನಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಹಳೆಯ ಕೋಡ್ ಓದಲು ಬೇಸರವಾದಾಗಲೆಲ್ಲ ‘ಪೂರ್ತಿ ಹೊಸದಾಗಿ ಬರೆದುಬಿಡೋಣ’ ಎನ್ನುವ ತಂಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡು ವರ್ಷ, ಮೂರು ಪಟ್ಟು ಬಜೆಟ್ ಆದ ಮೇಲೆ ಹೊಸದರಲ್ಲಿ ಹೊಸ ಬಗ್‌ಗಳು.

ಕಳೆದ ವರ್ಷ ನನ್ನ ಗಾಡಿಯ ಮುಂದಿನ ಸಸ್ಪೆನ್ಷನ್ ಹಂಪ್ ಹತ್ತಿದಾಗ ಕಟಕಟ ಅನ್ನತೊಡಗಿತು. ಅಧಿಕೃತ ಸರ್ವಿಸ್ ಸೆಂಟರಿನ ಅಂದಾಜು 2.9 ಲಕ್ಷ, ಪೂರ್ತಿ ಅಸೆಂಬ್ಲಿ ಬದಲಿಸಬೇಕಂತೆ. ಭೋಸರಿಯ ಒಂದು ಗ್ಯಾರೇಜಿನಲ್ಲಿ ಸವೆದ ಆರ್ಮ್ ಮತ್ತು ಬುಷ್‌ಗಳನ್ನಷ್ಟೇ ಬದಲಿಸಿದರು, 68 ಸಾವಿರ. ಹಾಕಿದ್ದು ನಕಲಿ ಮಾಲಲ್ಲ. ಜರ್ಮನ್ ಕಾರುಗಳ ಎಷ್ಟೋ ಭಾಗಗಳನ್ನು ತಯಾರಿಸಿ ಕೊಡುವ ಝಡ್‌ಎಫ್, ಬಾಷ್, ಮಾಹ್ಲೆಯಂಥವರು ತಮ್ಮದೇ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ. ಕಾರಿನ ಲಾಂಛನ ಇಲ್ಲದ ಡಬ್ಬಿಗೆ ಬೆಲೆ ಕಡಿಮೆ. ಅಂದಾಜು ಕೊಟ್ಟ ಕಟ್ಟಡದ ಮುಂಭಾಗದಲ್ಲೇ ಹೊಸ ಕಾರು ಮಾರುತ್ತಾರೆ ಎಂಬುದನ್ನು ಮರೆತು ಆ ಅಂದಾಜನ್ನು ನಂಬಬಾರದು.

ಇನ್ನೊಂದು ಪದದ ಮೇಲೂ ನನಗೆ ಸಿಟ್ಟಿದೆ: ‘ಲೈಫ್‌ಟೈಮ್’. ಹಲವು ಐಷಾರಾಮಿ ಕಾರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಲೈಫ್‌ಟೈಮ್, ಬದಲಿಸುವುದೇ ಬೇಡ ಎನ್ನಲಾಗುತ್ತದೆ. ಆ ಗೇರ್‌ಬಾಕ್ಸ್‌ಗಳನ್ನು ತಯಾರಿಸುವ ಝಡ್‌ಎಫ್ ಮಾತ್ರ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಹಾಗಾದರೆ ಯಾರ ಲೈಫ್‌ಟೈಮ್? ಮೊದಲ ಮಾಲೀಕನದು. ಅವನು ಐದಾರು ವರ್ಷದಲ್ಲಿ ಮಾರುತ್ತಾನೆ ಎಂಬ ಲೆಕ್ಕದಲ್ಲಿ ಇಡೀ ವ್ಯವಹಾರ ನಿಂತಿದೆ. ನಮ್ಮ ರಸ್ತೆ ತೆರಿಗೆಯೂ ‘ಲೈಫ್‌ಟೈಮ್’ ತೆರಿಗೆಯೇ. ಆದರೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಮಾಡಿಸಿ ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು. 2018ರಲ್ಲಿ ಬೆಂಗಳೂರಿನಿಂದ ಬಂದ ಮೇಲೆ ನನ್ನ ಗಾಡಿಯ ಕೆಎ ಹೋಗಿ ಎಂಎಚ್-14 ಆಯಿತು. ನಾಳೆ ಹೈದರಾಬಾದಿಗೋ ಚೆನ್ನೈಗೋ ವರ್ಗವಾದರೆ ಮತ್ತೊಮ್ಮೆ. ಬಿಎಚ್ ಸರಣಿ ಇದೆ, ಆದರೆ ಖಾಸಗಿ ನೌಕರರಿಗೆ ಸಿಗಬೇಕಾದರೆ ಕಂಪನಿಗೆ ನಾಲ್ಕು ರಾಜ್ಯಗಳಲ್ಲಾದರೂ ಕಚೇರಿ ಇರಬೇಕು. ಊರು ಬಿಟ್ಟು ಊರಿಗೆ ಹೋಗುವುದೇ ಬದುಕಾದವರು 60 ಲಕ್ಷದ ಮೇಲೆ ಹೀಗೆ ಕಟ್ಟುವುದಕ್ಕೂ ಏಳು ಲಕ್ಷದ ಮೇಲೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ನೀವೇ ನೋಡಿ.

ಪರಿಸರದ ವಾದವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ನನ್ನದು ಬಿಎಸ್-4 ಡೀಸೆಲ್. ಆ ಮಾನದಂಡದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು, ಬಿಎಸ್-6ರಲ್ಲಿ 80. ಕಣಗಳು 25ರಿಂದ 4.5ಕ್ಕೆ ಇಳಿದಿವೆ. ದಿನಕ್ಕೆ 80 ಕಿ.ಮೀ. ಓಡಿಸುವವರು ಹಳೆಯ ಡೀಸೆಲ್ ಇಟ್ಟುಕೊಳ್ಳಬಾರದು, ಅವರಿಗೆ ಈ ಲೇಖನ ಅನ್ವಯಿಸುವುದಿಲ್ಲ. ನಾನು ವರ್ಷಕ್ಕೆ ಓಡಿಸುವುದು ಒಂಬತ್ತು ಸಾವಿರ ಕಿ.ಮೀ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಂಬಾಟ್ಕಿ ಘಾಟ್ ಇಳಿದು ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಗೆ, ಅಪ್ಪ ಅಮ್ಮನ ಹತ್ತಿರ ಹೋಗಿ ಬರುವುದು. ಹೊಸ ಕಾರು ತಂದರೆ ನನ್ನ ಹಳೆಯದು ಮಾಯವಾಗುವುದಿಲ್ಲ. ಇನ್ನಾರದೋ ಕೈಯಲ್ಲಿ ಇನ್ನೂ ಹೆಚ್ಚು ಓಡುತ್ತದೆ. ಹೊಸದನ್ನು ತಯಾರಿಸಿದ ಉಕ್ಕು, ಅಲ್ಯೂಮಿನಿಯಂ, ವಿದ್ಯುತ್ತು ಬೇರೆ.

ದೆಹಲಿಯನ್ನೇ ನೋಡಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನ ಓಡಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಆದದ್ದೇನು? ಕಡಿಮೆ ಓಡಿದ, ಚೆನ್ನಾಗಿಯೇ ಇದ್ದ ಐಷಾರಾಮಿ ಡೀಸೆಲ್‌ಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಸೇರಿದವು. ಬೆಂಗಳೂರಿನಲ್ಲಿ ‘ಡೆಲ್ಲಿ ಗಾಡಿ’ ಎಂಬ ಮಾತೇ ಹುಟ್ಟಿಕೊಂಡಿತು. ಹೊಗೆ ವಿಳಾಸ ಬದಲಿಸಿತು, ಅಷ್ಟೇ. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ಬಂಕ್‌ಗಳಲ್ಲಿ ಇಂಧನ ನಿಲ್ಲಿಸಲು ಹೊರಟು ಕೆಲವೇ ದಿನಗಳಲ್ಲಿ ಹಿಂದೆ ಸರಿಯಬೇಕಾಯಿತು. ಆಗಸ್ಟ್‌ನಲ್ಲಿ ಕೋರ್ಟು ವಯಸ್ಸಿನ ಕಾರಣಕ್ಕೇ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ನಂತರದವಕ್ಕೆ ಮಾತ್ರ ಎಂದು ಸ್ಪಷ್ಟಪಡಿಸಿತು. ಹುಟ್ಟಿದ ದಿನಾಂಕವನ್ನಲ್ಲ, ಹೊಗೆಕೊಳವೆಯಿಂದ ಬರುವುದನ್ನು ನೋಡಿ ಎಂಬ ಕಡೆಗೆ ನಡೆದ ಈ ಹೆಜ್ಜೆ ಸರಿಯಾದದ್ದು.

ಇಷ್ಟು ಹೇಳಿದ ಮೇಲೂ ನಾನು ಮುಖ್ಯ ಮಾತಿಗೆ ಬಂದಿಲ್ಲ.

ನಮ್ಮ ಉದ್ಯಮದಲ್ಲಿ ನಲವತ್ತೈದು ಎಂಬುದು ಒಂದು ವಿಚಿತ್ರ ವಯಸ್ಸು. ಸಂಬಳ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು, ಕೋಡ್ ಬರೆದು ಹತ್ತು ವರ್ಷವಾಗಿದೆ. ಹೊಸ ಮ್ಯಾನೇಜ್‌ಮೆಂಟ್ ಬಂದರೆ ‘ಇವರನ್ನು ಇಟ್ಟುಕೊಳ್ಳುವುದಾ, ಬದಲಿಸುವುದಾ’ ಎಂಬ ಚರ್ಚೆ ಮೊದಲು ನಮ್ಮ ಬಗ್ಗೆಯೇ. ಆ ಸಭೆಗಳಲ್ಲೂ ಕುಳಿತಿದ್ದೇನೆ. ಅಲ್ಲಿ ಬಳಸುವ ಭಾಷೆಗೂ ಸರ್ವಿಸ್ ಅಡ್ವೈಸರ್ ಭಾಷೆಗೂ ವ್ಯತ್ಯಾಸ ಕಡಿಮೆ.

ಇಂಥ ವಯಸ್ಸಿನಲ್ಲಿ ಒಬ್ಬ ಪ್ರಾಜೆಕ್ಟ್ ಮ್ಯಾನೇಜರನಿಗೆ ಇರುವ ಒಂದೇ ಒಂದು ಬೆಲೆಬಾಳುವ ಸಾಮರ್ಥ್ಯವೆಂದರೆ, ಆಗದ್ದನ್ನು ಆಗುವುದಿಲ್ಲ ಎಂದು ಹೇಳುವುದು. ಆರು ತಿಂಗಳ ಕೆಲಸವನ್ನು ಮೂರು ತಿಂಗಳಿಗೆ ಒಪ್ಪಿಕೊಳ್ಳಿ ಎಂದಾಗ ‘ಇಲ್ಲ’ ಎನ್ನುವುದು. ನಾನು ಇಲ್ಲ ಎನ್ನದಿದ್ದರೆ ಮುಂದಿನ ಮೂರು ತಿಂಗಳು ರಾತ್ರಿ ಎರಡರವರೆಗೆ ಕೂರುವುದು ನಾನಲ್ಲ, ನನ್ನ ತಂಡದ ಇಪ್ಪತ್ತೈದರ ಹುಡುಗ ಹುಡುಗಿಯರು. ತಿಂಗಳ ಐದನೇ ತಾರೀಖಿಗೆ 80 ಸಾವಿರ ಕಟ್ಟಲೇಬೇಕಾದವನು ಇಲ್ಲ ಎನ್ನುವುದನ್ನು ನಾನು ಕಂಡದ್ದು ಬಹಳ ಅಪರೂಪ. ಒಳ್ಳೆಯವರೇ, ಬುದ್ಧಿವಂತರೇ. ಬಾಯಿ ತೆರೆಯುತ್ತಾರೆ, ಗಂಟಲಲ್ಲಿ ಕಾರು ಅಡ್ಡ ನಿಂತಿರುತ್ತದೆ. ‘ಟ್ರೈ ಮಾಡೋಣ’ ಎನ್ನುತ್ತಾರೆ. ಹಾಗೆ ಟ್ರೈ ಮಾಡಿದ ಡೆಡ್‌ಲೈನ್‌ಗಳ ಬೆಲೆಯನ್ನು ತೆತ್ತವರು ಕಾರಿನಲ್ಲಿ ಕೂತವರಲ್ಲ, ಕಂಪನಿಯ ಬಸ್ಸಿನಲ್ಲಿ ಹಿಂಜವಡಿಗೆ ಬರುವವರು.

ಸಾಲ ಮಾಡಿ ತುಪ್ಪ ತಿನ್ನುವವರನ್ನು ನಮ್ಮ ಹಿರಿಯರು ಬೈದದ್ದು ತುಪ್ಪದ ಮೇಲಿನ ಸಿಟ್ಟಿಗಲ್ಲ. ಸಾಲಗಾರ ಊರ ಪಂಚಾಯಿತಿಯಲ್ಲಿ ಮಾತಾಡಲಾರ ಎಂಬುದು ಅವರಿಗೆ ಗೊತ್ತಿತ್ತು. ಮನೆಯ ಸಾಲಕ್ಕೆ, ಮಕ್ಕಳ ಓದಿಗೆ ಆ ಮೌನವನ್ನು ಒಪ್ಪಬಹುದು. ಅದಾಗಲೇ ಚೆನ್ನಾಗಿ ಓಡುತ್ತಿರುವ ಒಂದು ಕಾರಿನ ಜಾಗದಲ್ಲಿ ಇನ್ನೊಂದು ಕಾರು ನಿಲ್ಲಿಸಲು ಒಪ್ಪುವುದು ಹೇಗೆ?

ಹಳೆಯದನ್ನು ಬಿಡಲೇಬೇಕಾದ ಸಂದರ್ಭಗಳಿವೆ. ಬಾಡಿಯ ಅಡಿ ತುಕ್ಕು ಹಿಡಿದಿದ್ದರೆ, ದೊಡ್ಡ ಅಪಘಾತವಾಗಿದ್ದರೆ, ಏರ್‌ಬ್ಯಾಗ್ ಅಥವಾ ಬ್ರೇಕಿನ ದೋಷ ಸರಿಹೋಗದಿದ್ದರೆ, ಬಿಡಿಭಾಗ ಸಿಗುವುದೇ ನಿಂತಿದ್ದರೆ, ನಂಬುವಂಥ ಮೆಕ್ಯಾನಿಕ್ ನಿಮ್ಮ ಊರಿನಲ್ಲಿಲ್ಲದಿದ್ದರೆ, ಮಾರಿ. ಕೈಯಲ್ಲಿ ಪೂರ್ತಿ ನಗದು ಇದ್ದು ಹೊಸ ಕಾರಿನ ಆಸೆ ಇದ್ದರೆ ಧಾರಾಳವಾಗಿ ತನ್ನಿ, ಆಸೆಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮೂರ್ನಾಲ್ಕು ವರ್ಷ ಹಳೆಯದನ್ನು ಕೊಂಡರೆ ಇನ್ನೂ ಜಾಣತನ. ಕಂಡವರ ಮದುವೆಯಲ್ಲಿ ಉಂಡವನೇ ಜಾಣ ಎನ್ನುತ್ತಾರಲ್ಲ, ಮೊದಲ ಮಾಲೀಕ ಸವಕಳಿ ಬಡಿಸಿ ಹೋಗಿರುತ್ತಾನೆ. ನನ್ನದನ್ನೂ 2017ರಲ್ಲಿ ಹಾಗೆಯೇ ತಂದದ್ದು.

ಉಳಿದವರು ಶೋರೂಮಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಹೊಸ ಕಾರಿಗೆ ಕಟ್ಟಬೇಕಾದ ಇಎಂಐ ಮೊತ್ತವನ್ನು ಆರು ತಿಂಗಳು ಪ್ರತ್ಯೇಕ ಖಾತೆಗೆ ಹಾಕಿ, ಮುಟ್ಟಬೇಡಿ. ಅದರಿಂದಲೇ ಹಳೆಯ ಗಾಡಿಯ ಬುಷ್, ಮೌಂಟ್, ಗೇರ್‌ಬಾಕ್ಸ್ ಎಣ್ಣೆ, ಟೈರ್ ಎಲ್ಲ ಮಾಡಿಸಿ. ಉಳಿದ ದುಡ್ಡು ಎಷ್ಟೆಂದು ನೋಡಿ. ಆ ಆರು ತಿಂಗಳಲ್ಲಿ ಆಫೀಸಿನಲ್ಲಿ ಎಷ್ಟು ಸಲ ‘ಇಲ್ಲ’ ಎಂದಿರಿ, ಎಷ್ಟು ಸಲ ನುಂಗಿಕೊಂಡಿರಿ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಆಮೇಲೂ ಹೊಸ ಕಾರು ಬೇಕೆನಿಸಿದರೆ ತನ್ನಿ, ಸಿಹಿ ತಿನ್ನಲು ನಾನೂ ಬರುತ್ತೇನೆ. ನನ್ನದರ ನೋಂದಣಿ 2029ರವರೆಗೆ ಇದೆ. ಫಿಟ್‌ನೆಸ್ ಪಾಸಾದರೆ ಇನ್ನೂ ಐದು ವರ್ಷ ಸಿಗುತ್ತದೆ.