ನೊಣದ ಚಿತ್ರ ಎಷ್ಟು ಹೇಳೀತು?

ಮಲೆನಾಡಿನ ಕೃಷಿಕರ ಕೈಗೆ ಮೊಬೈಲ್ ಕ್ಯಾಮೆರಾ ಬಂದ ಮೇಲೆ ಹೊಸದೊಂದು ರೂಢಿ ಬೆಳೆದಿದೆ. ಅಲಸಂದೆಯ ಕುಡಿಯಲ್ಲಿ ಹುಳುವೊಂದು ಕಂಡರೆ ಅದರ ಚಿತ್ರ ತೆಗೆದು ಔಷಧಿ ಅಂಗಡಿಯಲ್ಲಿ ತೋರಿಸಲಾಗುತ್ತದೆ. ಅಂಗಡಿಯಾತ ಹುಳುವಿನ ಹೆಸರನ್ನೂ ಹೇಳುತ್ತಾನೆ, ವಿಷದ ಬಾಟಲಿಯನ್ನೂ ಕೊಡುತ್ತಾನೆ. ಆದರೆ ಚಿತ್ರದಲ್ಲಿದ್ದುದು ಬೆಳೆಯ ಮಿತ್ರನಾಗಿದ್ದರೆ ಗತಿಯೇನು?

ಇದು ಬರಿಯ ಊಹೆಯಲ್ಲ. ಸಸ್ಯಹೇನುಗಳ ಗುಂಪಿನ ನಡುವೆ ಕಾಲಿಲ್ಲದ, ಜಿಗಣೆಯಂತೆ ತೆವಳುವ ಮರಿಹುಳುವೊಂದು ಇರುವುದುಂಟು. ನೋಡಲು ಅಸಹ್ಯವೆನಿಸುವ ಈ ಹುಳು ಸಿರ್ಫಿಡ್ ನೊಣದ ಮರಿ. ಬೆಳೆದು ನೊಣವಾಗುವುದರೊಳಗೆ ಅದು ನೂರಾರು ಹೇನುಗಳನ್ನು ತಿಂದು ಮುಗಿಸಬಲ್ಲುದು. ರೆಕ್ಕೆ ಬಂದ ಮೇಲೆ ಇದೇ ಜೀವಿ ಹಳದಿ-ಕಪ್ಪು ಪಟ್ಟೆ ತೊಟ್ಟು, ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ಹಾರುತ್ತ, ಪರಾಗಸ್ಪರ್ಶಕ್ಕೆ ನೆರವಾಗುತ್ತದೆ. ಆಗ ಅದನ್ನು ಕಂಡವರು ಜೇನೆಂದೋ ಕಣಜವೆಂದೋ ಭ್ರಮಿಸುತ್ತಾರೆ.

ಈ ಭ್ರಮೆ ಕಳೆಯಲು ಒಳ್ಳೆಯ ಚಿತ್ರವೊಂದೇ ಸಾಕು. ಜೇನು, ಕಣಜಗಳಿಗೆ ಎರಡು ಜೊತೆ ರೆಕ್ಕೆ. ನೊಣಕ್ಕೆ ಒಂದೇ ಜೊತೆ. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಪುಟ್ಟ ಅಂಗಗಳಿದ್ದು, ಹಾರಾಟದ ಸಮತೋಲ ಕಾಯುತ್ತವೆ. ಸಿರ್ಫಿಡ್ ನೊಣದ ಮೀಸೆಯೂ ಗಿಡ್ಡ. ಕುಲ ಯಾವುದೆಂದು ತಿಳಿದರೆ ಸಿಂಪಡಣೆಗೆ ಎತ್ತಿದ ಕೈ ತಡೆಯುತ್ತದೆ.

ಹಣ್ಣುನೊಣಗಳ ವಿಷಯದಲ್ಲಿ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲುದು. ಮಾವಿಗೆ ಬೀಳುವ ಹಣ್ಣುನೊಣದ ಬೆನ್ನಿನ ಎರಡು ಬದಿಗೆ ಹಳದಿ ಗೆರೆಗಳಿರುತ್ತವೆ. ಹಾಗಲ, ಹೀರೆ, ಸೌತೆಗಳಿಗೆ ಬೀಳುವ ನೊಣಕ್ಕೆ ನಡುವೆ ಮೂರನೆಯ ಗೆರೆಯೊಂದಿದ್ದು, ರೆಕ್ಕೆಯಲ್ಲಿ ಕಂದು ಮಚ್ಚೆಗಳಿರುತ್ತವೆ. ಈ ಭೇದದಿಂದ ಪ್ರಯೋಜನವುಂಟು. ಮಾವಿನ ನೊಣದ ಗಂಡನ್ನು ಸೆಳೆಯುವುದು ಮಿಥೈಲ್ ಯೂಜೆನಾಲ್. ಹಾಗಲದ ನೊಣದ ಗಂಡನ್ನು ಸೆಳೆಯುವುದು ಕ್ಯೂ-ಲ್ಯೂರ್. ಒಂದರ ಮೋಹಕ ಬಲೆಯನ್ನು ಇನ್ನೊಂದರ ಚಪ್ಪರಕ್ಕೆ ಕಟ್ಟಿದರೆ ಹಣವೂ ವ್ಯರ್ಥ, ಫಸಲೂ ನಷ್ಟ.

ಆದರೆ ಚಿತ್ರದ ಶಕ್ತಿ ಇಲ್ಲಿಗೆ ಮುಗಿಯುತ್ತದೆ. ಮೂರು ಗೆರೆಯ ನೊಣಗಳಲ್ಲೂ ಹಲವು ಪ್ರಭೇದಗಳಿವೆ. ಅನೇಕ ಸಣ್ಣ ನೊಣಗಳ ಪ್ರಭೇದವನ್ನು ಗಂಡು ನೊಣದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಧರಿಸಬೇಕು. 2003ರಲ್ಲಿ ಕೀನ್ಯಾದಲ್ಲಿ ಕಂಡ ಹಣ್ಣುನೊಣವೊಂದಕ್ಕೆ 2005ರಲ್ಲಿ ಹೊಸ ಪ್ರಭೇದವೆಂದು ಹೆಸರಿಡಲಾಯಿತು. ಅದು ಏಷ್ಯಾದ ಮಾವಿನ ನೊಣವೇ ಎಂದು ವಿಜ್ಞಾನಿಗಳು ತೀರ್ಮಾನಿಸಿದ್ದು 2015ರಲ್ಲಿ. ಅದೂ ರೂಪ, ವಂಶವಾಹಿ, ಮಿಲನದ ರೀತಿಗಳನ್ನೆಲ್ಲ ಹೋಲಿಸಿ ನೋಡಿದ ಬಳಿಕ. ಅದೇ 2015ರಲ್ಲಿ ದಕ್ಷಿಣ ಆಫ್ರಿಕಾದ ನೊಣವೊಂದನ್ನು ಕೇವಲ ಛಾಯಾಚಿತ್ರಗಳ ಆಧಾರದಿಂದ ಹೊಸ ಪ್ರಭೇದವೆಂದು ಪ್ರಕಟಿಸಿದಾಗ, ಜಗತ್ತಿನ ನೂರಾರು ವರ್ಗೀಕರಣ ತಜ್ಞರು ಆಕ್ಷೇಪವೆತ್ತಿದರು. ನೊಣವನ್ನು ಕೈಯಲ್ಲಿ ಹಿಡಿದ ಪಂಡಿತರೇ ಇಷ್ಟು ತಿಣುಕಾಡುವಾಗ, ಮಸುಕಾದ ಒಂದು ಚಿತ್ರಕ್ಕೆ ಕ್ಷಣಮಾತ್ರದಲ್ಲಿ ಪೂರ್ಣ ಹೆಸರು ಕೊಡುವ ಅಂಗಡಿಯನ್ನಾಗಲೀ ಮೊಬೈಲ್ ತಂತ್ರಾಂಶವನ್ನಾಗಲೀ ಕಣ್ಣುಮುಚ್ಚಿ ನಂಬುವುದು ಹೇಗೆ?

ಚಿತ್ರ ತೆಗೆಯುವುದನ್ನು ಬಿಡಬೇಕೆಂದಲ್ಲ, ಸರಿಯಾಗಿ ತೆಗೆಯಬೇಕು. ಒಂದೇ ನೊಣವನ್ನು ಮೇಲಿನಿಂದ, ಬದಿಯಿಂದ, ಮುಖದ ಎದುರಿನಿಂದ ಹಿಡಿಯಬೇಕು. ರೆಕ್ಕೆಯ ನರಗಳು ಕಾಣುವಂತಿರಬೇಕು. ಗಿಡ ಯಾವುದು, ಊರು ಯಾವುದು, ದಿನಾಂಕವೇನು, ಹುಳು ಏನು ಮಾಡುತ್ತಿತ್ತು ಎಂಬುದನ್ನು ಅಲ್ಲಿಯೇ ಬರೆದಿಡಬೇಕು. ಸಂದೇಹವಿದ್ದಲ್ಲಿ ಒಂದೆರಡು ನೊಣಗಳನ್ನು ಆಲ್ಕೊಹಾಲಿನಲ್ಲಿ ಕಾಪಿಟ್ಟು ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರಿಗೆ ತಲುಪಿಸಬೇಕು.

ಶಾಲಾ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠವುಂಟು. ಹೇನು ಮುತ್ತಿದ ಕುಡಿಯನ್ನು ಅದರ ಮೇಲಿನ ಮರಿಹುಳುವಿನ ಸಹಿತ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ಹೇನು ಮುಗಿದಂತೆ ಹೊಸ ಕುಡಿ ಕೊಡುತ್ತ ಕಾಯಬೇಕು. ಮರಿ ಹೇನನ್ನು ಹೀರುವುದೂ ಕೋಶವಾಗುವುದೂ ನೊಣವಾಗಿ ಹೊರಬರುವುದೂ ಕಣ್ಣೆದುರೇ ನಡೆಯುತ್ತವೆ. ಕೆಲವೊಮ್ಮೆ ಕೋಶದಿಂದ ನೊಣದ ಬದಲು ಅದನ್ನೇ ತಿಂದು ಬೆಳೆದ ಪುಟ್ಟ ಕಣಜ ಬರುವುದೂ ಉಂಟು. ಯಾವ ಚಿತ್ರವೂ ಇದನ್ನು ತೋರಿಸಲಾರದು.

ಹೆಸರು ತಿಳಿಯದ ಜೀವಿಗೆಲ್ಲ ವಿಷವೇ ಉತ್ತರವಲ್ಲ. ‘ಇದು ಯಾವ ಕುಲದ ನೊಣ, ಏನು ತಿನ್ನುತ್ತದೆ’ ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಸಿಂಪಡಣೆಯ ಯಂತ್ರ ಕೊಟ್ಟಿಗೆಯಲ್ಲೇ ಇರಲಿ.