ಹಿಂದಿನ ತಾರೀಖಿನ ಪಾಂಡಿತ್ಯ!

ಕನ್ನಡದ ತರುಣ ಗೆಳೆಯರೇ,

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಪ್ರೆಸ್ಸಿಗೆ ಒಬ್ಬ ಮಹಾಶಯರು ಬಂದರು. ತಮ್ಮದು 'ಅಂತಾರಾಷ್ಟ್ರೀಯ ಸಂಶೋಧನಾ ಪತ್ರಿಕೆ' ಎಂದರು. ಎಷ್ಟು ಪ್ರತಿ? ನಲವತ್ತು! ಇರಲಿ, ಪ್ರೆಸ್ಸು ನಡೆಯಬೇಕಲ್ಲ, ಒಪ್ಪಿಕೊಂಡೆ. ಆಗ ಅವರು ದನಿ ತಗ್ಗಿಸಿ ಹೇಳಿದರು: "ಒಂದೂವರೆ ವರ್ಷದ ಹಿಂದಿನ ಸಂಚಿಕೆ ಅಂತ ತಾರೀಖು ಹಾಕಿಬಿಡಿ ಸಾರ್. ನಮ್ಮ ಇಬ್ಬರು ಲೇಖಕರಿಗೆ ಇಂಟರ್‌ವ್ಯೂ ಇದೆ."

ನಾನು ಪಿಯುಸಿಗೇ ಓದು ನಿಲ್ಲಿಸಿದವನು. ಸಂಶೋಧನೆಯ ಬಗ್ಗೆ ನನಗೇನು ಗೊತ್ತು ಎಂದರೆ ಒಪ್ಪುತ್ತೇನೆ. ಆದರೆ ತಾರೀಖು ಎಂದರೇನು ಎಂದು ಅಚ್ಚಿನವನಿಗೆ ಗೊತ್ತು. ಅಚ್ಚಾದದ್ದರ ಮೇಲೆ ಮುದ್ರಕನ ಹೆಸರಿರಬೇಕು ಎಂದು 1867ರ ಕಾಯಿದೆಯೇ ಹೇಳಿತ್ತು. ಆ ಸಾಲು ನನ್ನ ಸಾಕ್ಷಿ. ಆಗೋದಿಲ್ಲ ಎಂದೆ. ಅವರು ನಕ್ಕು ಪಕ್ಕದ ರಸ್ತೆಯ ಪ್ರೆಸ್ಸಿಗೆ ಹೋದರು.

ನಾನೇನು ಸಾಚಾ ಎಂದು ಎದೆ ತಟ್ಟಿಕೊಳ್ಳುತ್ತಿಲ್ಲ. ಅದಕ್ಕೂ ಮೊದಲು ಇಂಥದೇ ಇನ್ನೊಂದು ಪತ್ರಿಕೆಯನ್ನು ನಾನೇ ಅಚ್ಚು ಹಾಕಿದ್ದೆ. ಒಂದೇ ಲೇಖನ, ಶೀರ್ಷಿಕೆ ಬದಲಾಗಿ, ಇಬ್ಬರ ಹೆಸರಲ್ಲಿ ಇರುವುದನ್ನು ಕಂಡುಹಿಡಿದವಳು ನಮ್ಮ ಡಿಟಿಪಿ ಹುಡುಗಿ. ಸಂಪಾದಕರಿಗೆ ಫೋನ್ ಮಾಡಿದರೆ, "ಇಬ್ಬರದೂ ದುಡ್ಡು ಬಂದಿದೆ, ಹಾಕಿ" ಎಂದರು. ಹಾಕಿದೆ. ಆ ಸಂಚಿಕೆಯನ್ನು ಪೂರ್ತಿ ಓದಿದವಳು ಬಹುಶಃ ಆ ಹುಡುಗಿ ಒಬ್ಬಳೇ!

ಈ ದಂಧೆಗೆ ದಾರಿ ಮಾಡಿಕೊಟ್ಟವರು ಯಾರು? 2016ರಲ್ಲಿ ಯುಜಿಸಿ, ಪಿಎಚ್‌ಡಿ ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಲೇಬೇಕು ಎಂದಿತು. ಅಧ್ಯಾಪಕರ ನೇಮಕಕ್ಕೆ, ಬಡ್ತಿಗೆ ಲೇಖನಕ್ಕಿಷ್ಟು ಅಂಕ. ಬೇಡಿಕೆ ಹುಟ್ಟಿತು, ಅಂಗಡಿ ತೆರೆಯಿತು. ಯುಜಿಸಿಯ ಪಟ್ಟಿಯೊಳಗೇ ಕಳಪೆ ಪತ್ರಿಕೆಗಳು ನುಗ್ಗಿ, 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಕಡ್ಡಾಯ ಪ್ರಕಟಣೆಯ ನಿಯಮವನ್ನು ಕೈಬಿಟ್ಟದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಹುಡುಗರ ಸ್ಕಾಲರ್‌ಶಿಪ್ ಹಣ ಈ ಅಂಗಡಿಗಳಿಗೆ ಹೋಯಿತೋ!

ಅಂಗಡಿಯವರ ದೊಡ್ಡ ಬೋರ್ಡು ಐಎಸ್‌ಎಸ್‌ಎನ್. ಗೆಳೆಯರೇ, ಅದು ಎಂಟು ಅಂಕಿಯ ಗುರುತಿನ ಸಂಖ್ಯೆ, ಅಷ್ಟೇ. ಸ್ಕೂಟರಿಗೆ ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಓಡಿಸುವವನಿಗೆ ಓಡಿಸಲು ಬರುತ್ತದೆ ಎಂದಾಯಿತೇ? ಪತ್ರಿಕೆಯ ಯೋಗ್ಯತೆ ಇರುವುದು, ವಿಷಯ ಬಲ್ಲ ಇತರರು ಲೇಖನವನ್ನು ಓದಿ, ತಪ್ಪು ತೋರಿಸಿ, ತಿದ್ದಿಸಿ, ಬೇಡವಾದದ್ದನ್ನು ವಾಪಸು ಕಳಿಸುವುದರಲ್ಲಿ.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯ ವರದಿಗಾರರೊಬ್ಬರು ಬೇಕೆಂದೇ ತಪ್ಪು ತುಂಬಿದ ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು! ಪಕ್ಕದ ಹೈದರಾಬಾದಿನ ಓಮಿಕ್ಸ್ ಸಂಸ್ಥೆ ಸಂಶೋಧಕರನ್ನು ವಂಚಿಸಿತೆಂದು ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಹೇಳಿತು.

ಕನ್ನಡಕ್ಕೇನು ನಷ್ಟ ಎನ್ನುತ್ತೀರಾ? 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಹೊರಟಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಅದನ್ನು ಕಟ್ಟಿದ್ದು ಕನ್ನಡದಲ್ಲೂ ಗಂಭೀರ ವಿದ್ವತ್ತು ಸಾಧ್ಯ ಎಂದು ತೋರಿಸಲು. ಇವತ್ತು ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಮೂರು ವರ್ಷ ಶಾಸನ ಓದಿ ಒಂದು ಲೇಖನ ಬರೆಯುತ್ತಾಳೆ. ಪಕ್ಕದವನು ದುಡ್ಡು ಕೊಟ್ಟು ವಾರದಲ್ಲಿ ಐದು ಹಾಕಿಸುತ್ತಾನೆ. ಅಂಕದ ಪಟ್ಟಿಯಲ್ಲಿ ಮುಂದೆ ಯಾರು?

2025ರ ಫೆಬ್ರವರಿಯಲ್ಲಿ ಯುಜಿಸಿ ತನ್ನ 'ಕೇರ್' ಪಟ್ಟಿಯನ್ನೂ ನಿಲ್ಲಿಸಿ, ಪತ್ರಿಕೆಗಳನ್ನು ಅಳೆಯುವ ಹೊಣೆಯನ್ನು ವಿಶ್ವವಿದ್ಯಾನಿಲಯಗಳ ಮೇಲೆ ಹಾಕಿದೆ. ನಮ್ಮ ಕುಲಪತಿಗಳು ಅದಕ್ಕೆ ಏನು ಮಾಡುತ್ತಿದ್ದಾರೆ? ನೀವು ಓದುತ್ತಿರುವ ವಿಭಾಗಕ್ಕೆ ಹೋಗಿ ಕೇಳಿ. ಆಯ್ಕೆ ಸಮಿತಿಯವರು ಲೇಖನ ಓದುತ್ತಾರೋ, ಎಣಿಸುತ್ತಾರೋ ಕೇಳಿ. ನಿಮ್ಮಿಂದ ದುಡ್ಡು ಕೇಳುವ ಸಂಪಾದಕರಿಗೆ, ನನ್ನ ಲೇಖನ ಓದಿದವರು ಏನು ತಪ್ಪು ತೋರಿಸಿದರು ಎಂದು ಕೇಳಿ.

ಮುದ್ರಕ ಮಿತ್ರರಿಗೂ ಒಂದು ಮಾತು. ಆ ಮಹಾಶಯರು ನಾಳೆ ನಿಮ್ಮ ಬಾಗಿಲಿಗೂ ಬರುತ್ತಾರೆ. ದಯವಿಟ್ಟು ಅವರನ್ನು ಪಕ್ಕದ ರಸ್ತೆಯಿಂದಲೂ ವಾಪಸು ಕಳಿಸಿ.